ಎಮ್ಮೆಗೆ ಹೇಳಿದ ಮಾತು

ನಮ್ಮ ಅಡುಗೆಮನೆಯ ಬೆಳಕಿಂಡಿಯಿಂದ ಒಂದು ಕೈ ಒಳಗೆ ಇಳಿಯಿತು. ಮೊಳಕೈಯವರೆಗೆ ಹಸಿರು ಹಚ್ಚೆ, ಬೆರಳ ಸಂದಿಯಲ್ಲಿ ಒಣಗಿದ ಸೆಗಣಿ, ಹೆಬ್ಬೆರಳಿಗೆ ಉಗುರಿಲ್ಲ. ಆ ಕೈ ಹಗ್ಗವನ್ನು ಗೇಣು ಗೇಣಾಗಿ ಬಿಡುತ್ತಿತ್ತು. ಹಗ್ಗದ ತುದಿಯಲ್ಲಿ ಒಂದು ತಂಬಿಗೆ, ತಂಬಿಗೆಯ ಬಾಯಿಗೆ ಬಿಗಿದು ಕಟ್ಟಿದ ಅರಿವೆ. ಅದು ನೆಲ ಮುಟ್ಟಿದ ಕೂಡಲೇ ಮಾಳಿಗೆಯ ಮೇಲಿನಿಂದ ದನಿ ಬಂತು. ‘ಚಂದ್ರೀ, ನುಚ್ಚಂಬಲಿ ಐತಿ. ಬಿಸಿ ಇದ್ದಾಗನ ಕುಡಿ.’

ಚಂದ್ರಿ ನನ್ನ ಹೆಸರಲ್ಲ. ಅದು ಬಾಜೂಮನೆಯ ಆಯಿ ಸಾಕಿದ ಎಮ್ಮೆಯ ಹೆಸರು. ಎಮ್ಮೆ ಆ ಹೊತ್ತಿಗೆ ಗೋಡೆಯಾಚೆಯ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ನಿಂತಿತ್ತು. ಅಂಬಲಿ ಇಳಿದದ್ದು ನನ್ನ ಅಡುಗೆಮನೆಗೆ. ಆಯಿಗೆ ನನ್ನ ಹೆಸರು ಗೊತ್ತಿರಲಿಲ್ಲವೆಂದಲ್ಲ. ನಮ್ಮ ಮನೆಯವರ ಜೊತೆ ಆಕೆ ಮಾತು ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಬಿಟ್ಟ ಮಾತನ್ನು ಮತ್ತೆ ಹಿಡಿಯುವ ಪೈಕಿ ಅಲ್ಲ ಆಕೆ.

ನಮ್ಮದು ಕುಂದಗೋಳ ತಾಲೂಕಿನ ಊರು. ಗಾಳಿ ಈ ಕಡೆ ಬೀಸಿದರೆ ಗುಡಗೇರಿ ಸ್ಟೇಷನ್ನಿಗೆ ಗಾಡಿ ಬಂದದ್ದು ಕೇಳಿಸುತ್ತದೆ. ಓಣಿಯ ನಡುವೆ ನಮ್ಮ ಹಿಟ್ಟಿನ ಗಿರಣಿ, ಅದಕ್ಕೆ ಹತ್ತಿಕೊಂಡು ನಮ್ಮ ಮನೆ, ಮನೆಯ ಗೋಡೆಗೆ ಗೋಡೆ, ಮಾಳಿಗೆಗೆ ಮಾಳಿಗೆ ಹಚ್ಚಿ ಆಯಿಯ ಮನೆ. ನಾನು ಸೊಸೆಯಾಗಿ ಬರುವ ಎರಡು ವರ್ಷ ಮೊದಲು ಆಯಿಯ ಗಂಡ ತೀರಿಕೊಂಡಿದ್ದ. ಪಂಚಮಿ ಹತ್ತಿರ ಬಂದಿತ್ತು. ಜೋಳ ಹುರಿದುಕೊಂಡು ಅಳ್ಳಿಟ್ಟು ಬೀಸಿಸಲು ಬಂದವರ ಸಾಲು ನಮ್ಮ ಕಟ್ಟೆ ಇಳಿದು ಓಣಿಗೆ ಬಂದಿತ್ತು. ಗಂಡ ಏನೋ ಹೇಳಲಿಕ್ಕೆ ಹತ್ತಿದ್ದಾನೆ, ಗಿರಣಿಯ ಸದ್ದಿಗೆ ಕೇಳಿಸುತ್ತಿಲ್ಲ, ಸ್ವಲ್ಪ ಬಂದ್ ಮಾಡಿರಿ ಎಂದು ಆಯಿ ಹೇಳಿಕಳಿಸಿದಳು. ನಮ್ಮತ್ತೆ ಡಬ್ಬಿಗಳ ಸಾಲನ್ನು ನೋಡಿ, ‘ಇದೊಂದು ಡಬ್ಬಿ ಆಗಲಿ’ ಅಂದರು. ಆ ಡಬ್ಬಿಯ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಗಿರಣಿ ನಿಂತಾಗ ಆತ ಹೋಗಿದ್ದ. ತುಟಿ ಅಲುಗಿದ್ದನ್ನು ಆಯಿ ಕಂಡಿದ್ದಳು, ಮಾತು ಮಾತ್ರ ಕೇಳಲಿಲ್ಲ.

ಇದನ್ನು ನನಗೆ ಹೇಳಿದವರು ನಮ್ಮತ್ತೆಯೇ. ಹೇಳುವಾಗ ಅವರ ಮುಖ ಸಣ್ಣದಾಗಿತ್ತು, ಆದರೆ ಆಯಿಯ ಹೊಸ್ತಿಲು ತುಳಿದು ತಪ್ಪಾಯಿತು ಅನ್ನಲು ಅವರಿಗೆ ಸಾಯುವತನಕ ಆಗಲಿಲ್ಲ. ಆಯಿ ಅಂದಿನಿಂದ ನಮ್ಮ ಗಿರಣಿಯ ಕಟ್ಟೆ ಹತ್ತಲಿಲ್ಲ. ಗೋಡೆಯಾಚೆ ಗಿರಣಿ ಇಟ್ಟುಕೊಂಡು, ವಾರಕ್ಕೊಮ್ಮೆ ಜೋಳದ ಡಬ್ಬಿ ತಲೆಯ ಮೇಲಿಟ್ಟುಕೊಂಡು ಎರಡು ಮೈಲು ದೂರದ ಪಕ್ಕದೂರಿಗೆ ನಡೆದು ಹೋಗಿ ಬೀಸಿಸಿಕೊಂಡು ಬರುತ್ತಿದ್ದಳು. ಹೋಗುವಾಗ ನಮ್ಮ ಕಟ್ಟೆಯ ಮುಂದೆಯೇ ಹೋಗುತ್ತಿದ್ದಳು. ಹಿಂದಿನ ದಾರಿ ಇತ್ತು, ಹತ್ತಿರವೂ ಇತ್ತು. ಆದರೆ ಆಕೆ ಹೋಗುವುದನ್ನು ನಾವು ನೋಡಬೇಕಿತ್ತು.

ಮಾತು ಬಿಟ್ಟವಳು ಸುಮ್ಮನಿದ್ದಳೇ ಅಂದರೆ ಅದೂ ಇಲ್ಲ. ನಮಗೆ ಮುಟ್ಟಿಸಬೇಕಾದ ಮಾತನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದಳು. ಮುಂಜಾನೆ ಗಿರಣಿ ಚಾಲೂ ಆದರೆ, ‘ಎದ್ರು ನೋಡವಾ ಚಂದ್ರಿ, ಕಿವಿ ತಿನ್ನಾವ್ರು.’ ನಮ್ಮ ಬಚ್ಚಲ ನೀರು ಆಕೆಯ ಹಿತ್ತಲಿಗೆ ಹರಿದರೆ, ‘ಚಂದ್ರಿ, ನಿನ್ನ ಕಾಲಾಗ ನೀರ ಬಂತಲ್ಲ, ಕಣ್ಣ ಇಲ್ಲದವರ ಮನಿ ನೀರು.’ ನಾನು ಗಂಡನಿಗೆ ಹೇಳಿ ನೀರನ್ನು ಬೇರೆ ಕಡೆ ತಿರುಗಿಸುತ್ತಿದ್ದೆ. ಉತ್ತರ ಕೊಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಹನ್ನೆರಡು ವರ್ಷ ಹೀಗೆಯೇ ಕಳೆಯಿತು. ಆಕೆ ದಿನಾ ಮಾತಾಡಿದಳು, ನಾನು ದಿನಾ ಕೇಳಿಸಿಕೊಂಡೆ.

ಕೊರೊನಾದ ಎರಡನೆಯ ಬೇಸಿಗೆಯಲ್ಲಿ ನನ್ನ ಗಂಡನಿಗೆ ಏದುಸಿರು ಹತ್ತಿತು. ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಜೊತೆಗೆ ಯಾರನ್ನೂ ಬಿಡಲಿಲ್ಲ. ಮಗಳನ್ನು ಮೊದಲೇ ಮಿಶ್ರಿಕೋಟಿಗೆ, ನನ್ನ ತವರಿಗೆ ಕಳಿಸಿದ್ದೆ. ನನಗೂ ಜ್ವರ ಇತ್ತು, ಮನೆಯಲ್ಲೇ ಇರಬೇಕೆಂದು ಹೇಳಿ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋದರು. ಚೀಟಿಯ ಬಗ್ಗೆ ನನಗೆ ಸಿಟ್ಟಿಲ್ಲ, ಅದು ಅವರ ಕೆಲಸ. ಸಿಟ್ಟಿರುವುದು ಅದೇ ಮಧ್ಯಾಹ್ನದ ಮೇಲೆ. ಓಣಿಯ ಗಂಡಸರು ಕೆರೆಯ ಕಡೆಯಿಂದ ಜಾಲಿಮುಳ್ಳಿನ ಹೊರೆ ಎಳೆದು ತಂದು ನನ್ನ ಬಾಗಿಲಿಗೆ ಎದೆಯೆತ್ತರ ಒಟ್ಟಿದರು. ದನ ಹೊಲಕ್ಕೆ ನುಗ್ಗದಂತೆ ಒಟ್ಟುತ್ತಾರಲ್ಲ, ಹಾಗೆ. ಮುಂದೆ ನಿಂತು ಇಲ್ಲಿ ಹಾಕಿರಿ, ಅಲ್ಲಿ ಹಾಕಿರಿ ಎಂದು ತೋರಿಸಿದವನು ಎದುರುಮನೆಯಾತ. ಆತನ ಹೆಂಡತಿ ಎರಡು ದಿನಕ್ಕೊಮ್ಮೆ ಹೆಪ್ಪಿಗೆಂದು ವಾಟಗ ಹಿಡಿದು ನನ್ನ ಅಡುಗೆಮನೆಗೇ ಬರುತ್ತಿದ್ದವಳು. ಆಕೆ ತನ್ನ ಕಿಟಕಿಯಲ್ಲಿ ನಿಂತು ನೋಡಿದಳು, ಆಮೇಲೆ ಕಿಟಕಿ ಹಾಕಿಕೊಂಡಳು. ಒಂಬತ್ತು ಮನೆ. ಯಾರು ಹೊರೆ ಹಿಡಿದರು, ಯಾರು ಎಳೆದರು, ಎಲ್ಲ ನನಗೆ ಇವತ್ತಿಗೂ ಗೊತ್ತು. ಈ ಬರಹದಲ್ಲಿ ಕ್ಷಮೆ ಗಿಮೆ ಯಾರೂ ಹುಡುಕಬಾರದು.

ಮೊದಲ ಮೂರು ದಿನ ನಾನು ಬದುಕಿದ್ದೆ ಅನ್ನುವುದಕ್ಕೆ ಸಾಕ್ಷಿ ಇರಲಿಲ್ಲ. ಒಂಟಿತನ ಕಾಡಿದರೆ ಆಪ್ತರೊಡನೆ ಸಂಪರ್ಕದಲ್ಲಿರಿ ಎಂದು ಮೊಬೈಲಿಗೆ ಒಂದು ಸಂದೇಶ ಬಂದಿತ್ತು. ಆಪ್ತರು ಮುಳ್ಳು ಒಟ್ಟಿ ಹೋಗಿದ್ದರು. ಗಂಡನ ಬಾಯಿಗೆ ಮಾಸ್ಕು ಹಾಕಿದ್ದರಿಂದ ಮಾತಿಲ್ಲ, ವಾರ್ಡಿನ ನರ್ಸಮ್ಮ ಫೋನ್ ಎತ್ತಿದರೆ ‘ಅದಾರ್ರಿ’ ಎಂದು ಒಂದೇ ಮಾತು ಹೇಳಿ ಇಡುತ್ತಿದ್ದಳು. ತವರಿನಿಂದ ಅವ್ವ ಫೋನ್ ಮಾಡಿ ಅಳುತ್ತಿದ್ದಳು, ಆಕೆಯನ್ನು ಸಮಾಧಾನ ಮಾಡುವುದರಲ್ಲೇ ನನಗೆ ದಣಿವಾಗುತ್ತಿತ್ತು. ಗಿರಣಿ ನಿಂತಿತ್ತು. ವರ್ಷಗಟ್ಟಲೆ ಆ ಸದ್ದಿನೊಳಗೆ ಬದುಕಿದವಳಿಗೆ ಆ ನಿಶ್ಶಬ್ದದಲ್ಲಿ ಕಿವಿ ಗುಂಯ್ ಅನ್ನುತ್ತಿತ್ತು. ಅಡುಗೆ ಮಾಡಲಿಲ್ಲ. ಯಾರಿಗಾಗಿ ಮಾಡುವುದು ಅನಿಸಿತ್ತು.

ಮೂರನೆಯ ದಿನ ಗೋಡೆಯಾಚೆ ಆಯಿ ಎಮ್ಮೆಗೆ ಹುಲ್ಲು ಹಾಕುತ್ತ ಜೋರಾಗಿ ಮಾತು ತೆಗೆದಳು. ‘ಚಂದ್ರಿ, ಮೂರ ದಿನಾ ಆತು, ಕುಕ್ಕರ ಸೀಟಿ ಹೊಡದಿಲ್ಲ. ಹಿಂಗ ಉಪಾಸ ಬಿದ್ದರ ಮುಳ್ಳ ಹಚ್ಚಿದವರಿಗೇ ಖುಷಿ ಆಗತೈತಿ, ತಿಳೀತೇನು?’

ಎಮ್ಮೆಗೆಲ್ಲಿಯ ಕುಕ್ಕರು? ಹಾಸಿಗೆಯಲ್ಲಿ ಎದ್ದು ಕೂತೆ. ಹನ್ನೆರಡು ವರ್ಷ ನಮಗೆ ಬೈಗುಳ ಮುಟ್ಟಿಸಿದ ದಾರಿಯಲ್ಲೇ ಆಕೆ ಈಗ ನನ್ನ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಮೇಲೆ ಹೆಜ್ಜೆ ಕೇಳಿತು. ಮೆಣಸಿನಕಾಯಿ ಒಣಹಾಕುವ ನೆಪಕ್ಕೆ, ಎಪ್ಪತ್ತು ದಾಟಿದ ಮುದುಕಿ ಏಣಿ ಹತ್ತಿದ್ದಳು. ಆಗ ಬೆಳಕಿಂಡಿಯಿಂದ ಇಳಿದದ್ದೇ ಆ ಹಚ್ಚೆಯ ಕೈ.

ಅಂಬಲಿ ಕುಡಿದೆ. ತಂಬಿಗೆ ತೊಳೆದು ಹಗ್ಗಕ್ಕೆ ಕಟ್ಟಿದೆ. ಏನಾದರೂ ಹೇಳಬೇಕು, ಆದರೆ ಯಾರಿಗೆ ಹೇಳುವುದು? ನನ್ನ ಮನೆಯಲ್ಲಿ ಎಮ್ಮೆ ಇರಲಿಲ್ಲ. ಎದುರಿಗೆ ಕುಕ್ಕರು ಇತ್ತು. ‘ಕುಕ್ಕರಾ, ಇವತ್ತ ಜ್ವರ ಸ್ವಲ್ಪ ಇಳದೈತಿ ನೋಡು. ಅಂಬಲಿ ಚಲೋ ಆಗಿತ್ತು’ ಅಂದೆ. ಮೇಲಿನಿಂದ ಹಗ್ಗ ಸರಸರ ಹೋಯಿತು. ಕೊಟ್ಟಿಗೆಗೆ ಇಳಿದ ಮೇಲೆ ಆಯಿ ಎಮ್ಮೆಗೆ, ಅಂಬಲಿಗೆ ಉಪ್ಪು ಕಡಿಮೆ ಆಗಿತ್ತು, ಜ್ವರದ ಬಾಯಿಗೆ ಗೊತ್ತಾಗಿಲ್ಲ ಅಂದಳು. ನಾನು ನಕ್ಕೆ. ಮೂರು ದಿನದಲ್ಲಿ ಮೊದಲ ಸಲ ನನ್ನ ನಗು ನನಗೇ ಕೇಳಿತ್ತು.

ಅಲ್ಲಿಂದ ನಮ್ಮ ಸಂಸಾರ ಸುರುವಾಯಿತು. ಮುಂಜಾನೆ ಹಾಲು ಹಿಂಡುವಾಗ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಹುಲ್ಲು ಹಾಕುವಾಗ ಒಂದು ಸಲ. ಆಕೆ ಎಮ್ಮೆಗೆ ಹೇಳುವುದು, ನಾನು ಕುಕ್ಕರಿಗೆ ಹೇಳುವುದು. ನಡುವೆ ಚಂದ್ರಿ ಒಮ್ಮೊಮ್ಮೆ ಗುಟುರು ಹಾಕಿದರೆ, ನಿನ್ನನ್ನು ಯಾರು ಕೇಳಿದರು ಎಂದು ಆಯಿ ಅದಕ್ಕೇ ಗದರುತ್ತಿದ್ದಳು. ನಾನು ಆ ಮೂರು ಹೊತ್ತಿಗಾಗಿ ಕಾಯತೊಡಗಿದೆ. ಅದು ಬರುವ ಮುಂಚೆ ತಲೆ ಬಾಚಿಕೊಳ್ಳುತ್ತಿದ್ದೆ, ನೋಡುವವರು ಯಾರೂ ಇಲ್ಲದಿದ್ದರೂ.

ಆರನೆಯ ದಿನ ನಾನು ತಪ್ಪು ಮಾಡಿದೆ. ದವಾಖಾನೆಯಿಂದ ಫೋನ್ ಬಂತು, ಗಂಡನನ್ನು ಒಳಗಿನ ವಾರ್ಡಿಗೆ ಒಯ್ದಿದ್ದಾರೆ, ಈಗ ಏನೂ ಹೇಳಲಿಕ್ಕಾಗುವುದಿಲ್ಲ ಎಂದು. ಗೋಡೆಗೆ ಎರಡೂ ಕೈ ಊರಿ ಕೂಗಿದೆ. ‘ಆಯೀ, ನಮ್ಮವರನ್ನ ಒಳಗಿನ ವಾರ್ಡಿಗೆ ಒಯ್ದಾರಂತ. ನಾ ಏನ ಮಾಡ್ಲಿ, ಆಯೀ?’

ಆಚೆ ಹಾಲು ಹಿಂಡುವ ಸದ್ದು ನಿಂತಿತು. ಮತ್ತೆ ಸುರುವಾಯಿತು. ಉತ್ತರ ಬರಲಿಲ್ಲ. ಅಂದು ಸಂಜೆಯೂ ಇಲ್ಲ, ಮರುದಿನವಿಡೀ ಇಲ್ಲ. ಹೊತ್ತಿಗೆ ಸರಿಯಾಗಿ ತಂಬಿಗೆ ಇಳಿಯಿತು, ಮಾತು ಇಳಿಯಲಿಲ್ಲ. ಮುಳ್ಳು ಹಚ್ಚಿದಾಗಲೂ ನಾನು ಅಷ್ಟು ಒಂಟಿಯಾಗಿರಲಿಲ್ಲ. ಮುದುಕಿಯ ಮೇಲೂ ಸಿಟ್ಟು ಬಂತು. ಗಂಡ ಸಾಯುತ್ತಿರುವಾಗಲೂ ಈಕೆಗೆ ತನ್ನ ಹಟವೇ ದೊಡ್ಡದಾಯಿತೇ ಎಂದು ಗೋಡೆಗೆ ಬೆನ್ನು ಹಾಕಿ ಕೂತೆ. ಕೂತು ಕೂತು ಮರುದಿನ ಸಂಜೆಯ ಹೊತ್ತಿಗೆ ತಿಳಿಯಿತು. ನೇರ ಕರೆದದ್ದಕ್ಕೆ ಆಕೆ ನೇರ ಓಗೊಟ್ಟರೆ ಮಾತು ಕೂಡಿದಂತೆ. ಮಾತು ಕೂಡಿದರೆ ಗಿರಣಿಯನ್ನು ಮನ್ನಿಸಿದಂತೆ. ತನ್ನ ಗಂಡನ ಕೇಳದೆ ಹೋದ ಆ ಕೊನೆಯ ಮಾತಿನ ಬದಲಿಗೆ ಆಕೆಯ ಕೈಯಲ್ಲಿ ಉಳಿದದ್ದು ಈ ಸಿಟ್ಟೊಂದೇ. ಅದನ್ನೂ ಬಿಟ್ಟುಕೊಡು ಎಂದು ನಾನು ಕೇಳಿಬಿಟ್ಟಿದ್ದೆ.

ಮರುದಿನ ಮುಂಜಾನೆ ಬಕೆಟ್ಟಿನ ಸದ್ದಾದ ಕೂಡಲೇ ಹೇಳಿದೆ. ‘ಕುಕ್ಕರಾ, ಮೊನ್ನೆ ಜ್ವರ ನೆತ್ತಿಗೇರಿ ಏನೇನೋ ಬಡಬಡಿಸಿದೆ. ನಾ ಯಾರನ್ನೂ ಕರದಿಲ್ಲ.’

ಹಾಲು ಹಿಂಡುತ್ತಲೇ ಆಯಿ ಹೇಳಿದಳು. ‘ಜ್ವರದಾಗ ಆಡಿದ ಮಾತು ಲೆಕ್ಕಕ್ಕಿಲ್ಲ, ಚಂದ್ರಿ. ಒಳಗಿನ ವಾರ್ಡಿಗೆ ಹೋದವರೆಲ್ಲ ಸಾಯಂಗಿಲ್ಲ. ತಿರ್ಲಾಪುರದಾಗ ನನ್ನ ಮಗಳ ಮೈದುನ ಹೋಗಿ ಬಂದಾನ. ಈಗ ಹೊಲಕ್ಕ ಹೊಂಟಾನ.’

ನಾನು ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ. ಆಕೆ ಎಮ್ಮೆಗೆ ಆ ಮೈದುನನ ಕಥೆಯನ್ನು ಮೊದಲಿನಿಂದ, ಏನೇನು ಉಂಡ, ಎಷ್ಟು ದಿನಕ್ಕೆ ಎದ್ದು ಕೂತ ಎಂಬುದನ್ನೆಲ್ಲ ಬಿಡಿಸಿ ಹೇಳಿದಳು.

ಆ ಮೇಲಿನ ದಿನಗಳಲ್ಲಿ ನಾವು ಆಡಿದ ಮಾತು ಬಹಳ ಮಟ್ಟಿಗೆ ಸೇಡಿನ ಮಾತು. ದೇವರು ದಿಂಡರು, ಧೈರ್ಯ ಗೀರ್ಯ ಎಂದು ಆಯಿ ಎಂದೂ ಉಪದೇಶ ಮಾಡಲಿಲ್ಲ. ಬದಲಿಗೆ ಓಣಿಯ ಒಂದೊಂದು ಮನೆಯನ್ನೂ ಎತ್ತಿಕೊಂಡು, ಯಾರು ಯಾವ ಕಾಲಕ್ಕೆ ಯಾರಿಗೆ ಏನು ಮಾಡಿದರು ಎಂಬುದನ್ನು ಎಮ್ಮೆಗೆ ಹೇಳುತ್ತಿದ್ದಳು. ಎದುರುಮನೆಯಾತನ ಅಪ್ಪ ಬದುವಿನ ಕಲ್ಲು ಸರಿಸಿದ್ದು, ಮೂಲೆಮನೆಯವರು ಬಾಣಂತಿಗೆ ಹಾಲು ಇಲ್ಲವೆಂದದ್ದು. ನಾನು ಬಾಯಿಬಿಟ್ಟು ಕೇಳುತ್ತಿದ್ದೆ, ಜ್ವರ ಮರೆಯುತ್ತಿತ್ತು. ನಾನೂ ಕುಕ್ಕರಿಗೆ ನನ್ನ ಯೋಜನೆ ಹೇಳಿದೆ: ಮೈ ನೆಟ್ಟಗಾಗಲಿ, ಈ ಒಂಬತ್ತೂ ಮನೆಯ ಒಂದು ಕಾಳನ್ನೂ ನನ್ನ ಗಿರಣಿಯಲ್ಲಿ ಬೀಸುವುದಿಲ್ಲ.

ಅದು ಆಯಿಗೆ ಸೇರಲಿಲ್ಲ. ‘ಚಂದ್ರಿ, ಇದು ಸಣ್ಣ ಹುಡುಗೀ ಬುದ್ಧಿ’ ಅಂದಳು. ‘ಬ್ಯಾಡ ಅಂದರ ಬ್ಯಾರೆ ಊರಿಗೆ ಹೋಗ್ತಾರ. ನಾ ಹೋಗಿಲ್ಲೇನು? ಬರಲಿ. ದಿನಾ ಬರಲಿ. ಬಂದು ಆಕಿ ಮಾರಿ ಮುಂದ ಡಬ್ಬಿ ಹಿಡಕೊಂಡು ನಿಂದರಲಿ.’

ಗಂಡ ಹತ್ತೊಂಬತ್ತನೆಯ ದಿನಕ್ಕೆ ಮನೆಗೆ ಬಂದ. ಅರ್ಧ ಮನುಷ್ಯನಾಗಿದ್ದ, ಆದರೆ ಬಂದ. ಬಾಗಿಲ ಮುಂದಿನ ಮುಳ್ಳನ್ನು ತೆಗೆಯಲು ಓಣಿಯವರು ಬಂದಾಗ ನಾನು ಬೇಡ ಅಂದೆ. ನಾನೇ ಒಂದೊಂದಾಗಿ ಒಳಗೆ ಎಳೆದುಕೊಂಡು, ಕಡಿದು, ಒಲೆಗೆ ಹಾಕಿ ನೀರು ಕಾಯಿಸಿದೆ. ಗಂಡ ಹೆಂಡತಿ ಇಬ್ಬರೂ ಹದಿನೈದು ದಿನ ಆ ಮುಳ್ಳಿನ ಬಿಸಿನೀರಲ್ಲಿ ಜಳಕ ಮಾಡಿದೆವು. ಅಷ್ಟು ಸುಖದ ಜಳಕ ನಾನು ಮತ್ತೆ ಮಾಡಿಲ್ಲ.

ಗಿರಣಿ ಚಾಲೂ ಆದ ದಿನವೇ ಎದುರುಮನೆಯಾಕೆ ಡಬ್ಬಿ ತಂದಳು. ಎಷ್ಟು ಸೊರಗಿರಿ ಅಕ್ಕಾರ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಜೋಳ ಸುರಿದೆ, ಗಿರಣಿಯ ಕಡೆ ಮುಖ ಮಾಡಿ ಹೇಳಿದೆ. ‘ಜ್ವಾಳ ಹಸಿ ಐತಿ ನೋಡಪಾ. ಒಣಗಿಸಿ ತರಬೇಕಂತ ಮಂದಿಗೆ ತಿಳಿಯಂಗಿಲ್ಲ.’ ಆಕೆಗೆ ಅರ್ಥವಾಗಲು ನಾಲ್ಕು ದಿನ ಬೇಕಾಯಿತು. ಆಮೇಲೆ ಆ ಒಂಬತ್ತು ಮನೆಯವರ ಜೊತೆ ನನ್ನ ಎಲ್ಲ ವ್ಯವಹಾರವೂ ಗಿರಣಿಯ ಮೂಲಕವೇ ನಡೆಯಿತು. ಹಿಟ್ಟು ನುಣ್ಣಗೆ ಬೀಸಿಕೊಟ್ಟೆ, ಒಂದು ಮಾತು ನೇರ ಆಡಲಿಲ್ಲ.

ಆ ವರ್ಷದ ರೊಟ್ಟಿ ಪಂಚಮಿಗೆ, ಪದ್ಧತಿಯಂತೆ, ಮನೆಮನೆಯಿಂದ ರೊಟ್ಟಿ ಬಂದವು. ಎಳ್ಳು ಹಚ್ಚಿದ್ದು, ಸಜ್ಜೆಯದು, ಮೇಲೆ ಕಾಳುಪಲ್ಯ. ಬೇಡವೆನ್ನಲಿಲ್ಲ. ಒಂಬತ್ತು ಮನೆಯ ರೊಟ್ಟಿಯನ್ನೂ ಬುಟ್ಟಿಯಲ್ಲಿಟ್ಟುಕೊಂಡು, ನಡುಹಗಲಲ್ಲಿ, ಎಲ್ಲರೂ ಕಟ್ಟೆಯ ಮೇಲೆ ಕೂತಿದ್ದಾಗ, ಹೊರಗೆ ಬೇವಿನ ಗಿಡಕ್ಕೆ ಕಟ್ಟಿದ್ದ ಚಂದ್ರಿಯ ಮುಂದೆ ಹೋಗಿ ನಿಂತು ಒಂದೊಂದೇ ತಿನ್ನಿಸಿದೆ. ಆಯಿ ತನ್ನ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ‘ಚಂದ್ರಿ, ಈ ಸಲ ಹಬ್ಬ ನಿಂದ ನೋಡವಾ’ ಅಂದಳು. ಆಕೆ ನಗುವುದನ್ನು ನಾನು ಕಂಡದ್ದು ಅದೊಂದೇ ಸಲ.

ನನ್ನ ಋಣ ತೀರಿಸಲು ಮಾತ್ರ ಆಕೆ ಬಿಡಲಿಲ್ಲ. ಮಾಳಿಗೆಯ ಮೇಲೆ ಹಿಟ್ಟಿನ ಡಬ್ಬಿ ಇಟ್ಟರೆ ಸಂಜೆಗೆ ಅದೇ ಡಬ್ಬಿ ನಮ್ಮ ಬೆಳಕಿಂಡಿಯ ಬಾಜು ವಾಪಸು ಬಂದಿರುತ್ತಿತ್ತು. ಕಾಲು ನೋವೆಂದು ಕುಂಟುತ್ತಲೇ ಪಕ್ಕದೂರಿನ ಗಿರಣಿಗೆ ಹೋಗುತ್ತಿದ್ದಳು, ನಮ್ಮ ಕಟ್ಟೆಯ ಮುಂದಿನಿಂದಲೇ. ನನಗೆ ಅಂಬಲಿ ಕೊಟ್ಟದ್ದು ಬೇರೆ, ಗಿರಣಿಯ ಮೇಲಿನ ಸಿಟ್ಟು ಬೇರೆ. ಒಂದನ್ನು ಇನ್ನೊಂದರಲ್ಲಿ ಕಲೆಸಲು ಆಕೆ ಒಪ್ಪಲಿಲ್ಲ.

ಎರಡು ವರ್ಷದ ನಂತರ ಆಯಿ ಹಾಸಿಗೆ ಹಿಡಿದಳು. ತಿರ್ಲಾಪುರದಿಂದ ಮಗಳು ಬಂದು ಉಳಿದಳು, ಎಮ್ಮೆ ನೋಡಿಕೊಳ್ಳುವವರಿಲ್ಲದೆ ಅದನ್ನು ತಿರ್ಲಾಪುರಕ್ಕೆ ಕಳಿಸಿದರು. ಕೊಟ್ಟಿಗೆ ಖಾಲಿಯಾಯಿತು. ನಾನು ಹೊತ್ತು ಹೊತ್ತಿಗೆ ಕುಕ್ಕರಿಗೆ ಊರ ಸುದ್ದಿ ಹೇಳುತ್ತಿದ್ದೆ. ಆಚೆಯಿಂದ ಉತ್ತರವಿಲ್ಲ. ಎಮ್ಮೆಯಿಲ್ಲದೆ ಆಕೆ ಯಾರಿಗೆ ಹೇಳಬೇಕು?

ಮತ್ತೆ ಪಂಚಮಿ ಹತ್ತಿರ ಬಂದಿತ್ತು. ಮಧ್ಯಾಹ್ನ ನನ್ನ ಕಟ್ಟೆಯ ಮುಂದೆ ಅಳ್ಳಿಟ್ಟಿನ ಡಬ್ಬಿಗಳ ಸಾಲು. ಆಯಿಯ ಬಾಗಿಲು ತೆರೆದೇ ಇತ್ತು. ಜೋಳ ಸುರಿಯುತ್ತ ಆ ಕಡೆ ನೋಡಿದೆ. ಮಗಳು ಹಾಸಿಗೆಯ ಮೇಲೆ ಬಗ್ಗಿ, ಅವ್ವನ ಬಾಯಿಗೆ ಕಿವಿ ಹಚ್ಚಿ, ತಲೆ ಅಲ್ಲಾಡಿಸುತ್ತಿದ್ದಳು. ಕೇಳುತ್ತಿಲ್ಲ ಎಂದು. ನಮ್ಮ ಕಡೆಗೆ ಆಕೆ ಒಮ್ಮೆ ತಿರುಗಿ ನೋಡಿದಳು. ಬಂದ್ ಮಾಡಿರಿ ಎಂದು ಹೇಳಿಕಳಿಸಲಿಲ್ಲ. ಒಂದು ಸಲ ಹೇಳಿಕಳಿಸಿ ಆಗಿತ್ತಲ್ಲ.

ಅರ್ಧ ಡಬ್ಬಿ ಬೀಸಿತ್ತು. ನಾನು ಸ್ವಿಚ್ ತೆಗೆದೆ. ಪಟ್ಟಾ ತಿರುಗಿ ತಿರುಗಿ ನಿಂತಿತು. ಎದುರುಮನೆಯಾಕೆ, ಕರೆಂಟು ಹೋಯಿತೇನ್ರಿ ಅಂದಳು. ‘ಕರೆಂಟ್ ಐತಿ’ ಅಂದೆ. ಎರಡು ವರ್ಷದಲ್ಲಿ ಆಕೆಗೆ ನಾನು ನೇರ ಆಡಿದ ಮೊದಲ ಮಾತು. ಕೈಯ ಹಿಟ್ಟು ಕೊಡವಿ, ಹದಿನಾರು ವರ್ಷ ನಮ್ಮ ಮನೆಯವರು ತುಳಿಯದ ಹೊಸ್ತಿಲು ದಾಟಿ ಒಳಗೆ ಹೋದೆ.

ಆಯಿ ಕಣ್ಣು ಮುಚ್ಚಿದ್ದಳು. ‘ಗಿರಣಿ ನಿಂತಿತೇನು?’ ಎಂದು ಮಗಳನ್ನು ಕೇಳಿದಳು. ದನಿ ಸಣ್ಣದು, ಆದರೆ ಆ ನಿಶ್ಶಬ್ದದಲ್ಲಿ ಬಾಗಿಲವರೆಗೂ ಕೇಳಿತು. ಹೂಂ ಅವ್ವಾ ಅಂದಳು ಮಗಳು. ಆಮೇಲೆ ಆಯಿ ಮಗಳಿಗೆ ಹೇಳಬೇಕಾದ್ದನ್ನು ಹೇಳಿದಳು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಮಗಳಿಗೆ ಒಂದೊಂದು ಅಕ್ಷರವೂ ಕೇಳಿಸಿತು, ಅಷ್ಟು ಸಾಕು.

ಅಷ್ಟರಲ್ಲಿ ಎದುರುಮನೆಯಾಕೆ ಬಾಗಿಲಿಗೆ ಬಂದು ಇಣುಕಿದಳು. ತಗ್ಗಿದ ದನಿಯಲ್ಲಿ, ‘ಅಕ್ಕಾರ, ನಂದೊಂದು ಡಬ್ಬಿ ಅರ್ಧಕ್ಕ ನಿಂತೈತ್ರಿ. ಅದೊಂದ ಆಗಿದ್ದರ...’ ಅಂದಳು.

ನನ್ನ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವ ಮುಂಚೆ ಆಯಿ ಕಣ್ಣು ಬಿಟ್ಟಳು. ಎಮ್ಮೆ ಇರಲಿಲ್ಲ, ನಡುವೆ ಗೋಡೆ ಇರಲಿಲ್ಲ. ನನ್ನ ಮುಖವನ್ನೇ ನೋಡಿದಳು.

‘ಎಷ್ಟ ಮಂದಿ ನಿಂತಾರ?’

‘ಹನ್ನೊಂದ ಮಂದಿ ಅದಾರ್ರಿ, ಆಯಿ.’

‘ನಿಂದರಲಿ ಬಿಡ ಯವ್ವಾ’ ಅಂದಳು. ‘ಇನ್ನೊಂದೀಟ ನಿಂದರಲಿ.’

ದೀಪ ಹಚ್ಚುವ ಮುಂಚೆ ಆಯಿ ಹೋದಳು. ಮರುದಿನ ಮಣ್ಣು ಕೊಟ್ಟು ಬಂದೆವು. ಗಿರಣಿಗೆ ನಾನು ಬೀಗ ಹಾಕಿದೆ, ಹಬ್ಬ ಮುಗಿಯುವವರೆಗೆ ತೆಗೆಯುವುದಿಲ್ಲ ಎಂದು ಗಂಡನಿಗೆ ಹೇಳಿದೆ. ಮುಂದಿನ ಮುಂಜಾನೆ ಓಣಿಯವರು ಒಬ್ಬೊಬ್ಬರಾಗಿ ಡಬ್ಬಿ ತೆಗೆದುಕೊಂಡು ಪಕ್ಕದೂರಿನ ದಾರಿ ಹಿಡಿದರು. ಬೈಕಿದ್ದವರು ಬೈಕಿನ ಮೇಲೆ, ಇಲ್ಲದವರು ತಲೆಯ ಮೇಲೆ. ಎದುರುಮನೆಯಾಕೆ ಸಿಂಬೆ ಸರಿಮಾಡಿಕೊಂಡು, ಕೆಸರಲ್ಲಿ ಕಾಲೆತ್ತಿ ಇಡುತ್ತ, ನನ್ನ ಕಟ್ಟೆಯ ಮುಂದೆಯೇ ಹೋದಳು. ನಾನು ಒಳಗೆ ಬಂದೆ. ಕುಕ್ಕರು ಕೈಗೆ ಸಿಗುವಲ್ಲೇ ಇತ್ತು, ಅದರ ಕಡೆ ನೋಡಲಿಲ್ಲ. ಗೋಡೆಗೆ ಬಾಯಿ ಹಚ್ಚಿ, ‘ಹೊಂಟಾರ ನೋಡ್ರಿ, ಆಯಿ’ ಅಂದೆ.